ಡ್ಯಾನ್ಯೂಬ್ ತೀರದಲ್ಲಿ ಜೋಡಿ ಸವಾರಿ

ಡ್ಯಾನ್ಯೂಬ್ ಯುರೋಪ್ ಖಂಡದ ಮಹಾನದಿಗಳಲ್ಲೊಂದು. ಜರ್ಮನಿಯ ‘ಕಪ್ಪು ಕಾಡು’ ಎಂಬ ಪರ್ವತ ಪ್ರದೇಶದಲ್ಲಿ ಹುಟ್ಟಿ, ಹತ್ತು ದೇಶಗಳನ್ನು ಮುಟ್ಟಿ, ಸುಮಾರು 2,850 ಕಿಲೋಮೀಟರ್ ಹರಿದು ಅದು ಕಪ್ಪು ಸಮುದ್ರವನ್ನು ಸೇರುತ್ತದೆ. ಹಿಂದಿನ ಕಾಲದಲ್ಲಿ ಉಪ್ಪು, ಧಾನ್ಯಗಳನ್ನು ಹೇರಿಕೊಂಡ ದೋಣಿಗಳು ಪ್ರವಾಹದೊಡನೆ ಸುಲಭವಾಗಿ ಕೆಳಗೆ ಸಾಗುತ್ತಿದ್ದವು. ಆದರೆ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಬರಬೇಕಾದರೆ, ದಂಡೆಯ ಮೇಲೆ ಕುದುರೆಗಳನ್ನು ಸಾಲಾಗಿ ಹೂಡಿ ಹಗ್ಗದಿಂದ ಎಳೆಸಬೇಕಾಗಿತ್ತು. ಆ ಕುದುರೆಗಳಿಗಾಗಿ ನೀರಿನ ಅಂಚಿನಲ್ಲಿಯೇ ಸಮತಟ್ಟಾದ ದಾರಿಗಳನ್ನು ಮಾಡಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಹಡಗುಗಳು ಬಂದ ಮೇಲೆ ಕುದುರೆಗಳು ಮರೆಯಾದವು. ದಾರಿ ಮಾತ್ರ ಉಳಿಯಿತು. 1980ರ ದಶಕದಲ್ಲಿ ಆಸ್ಟ್ರಿಯದವರು ಈ ಹಳೆಯ ದಾರಿಗಳನ್ನೇ ಜೋಡಿಸಿ ಸೈಕಲ್ ಮಾರ್ಗವನ್ನು ರೂಪಿಸಿದರು. ಜರ್ಮನಿಯ ಗಡಿಯ ಪಟ್ಟಣವಾದ ಪಸ್ಸಾವ್‌ನಿಂದ ಆಸ್ಟ್ರಿಯದ ರಾಜಧಾನಿ ವಿಯೆನ್ನದವರೆಗಿನ ಸುಮಾರು 320 ಕಿಲೋಮೀಟರ್ ದೂರವನ್ನು ಜನರು ಇಂದು ಒಂದು ವಾರದ ವಿಹಾರವಾಗಿ ಕ್ರಮಿಸುತ್ತಾರೆ. ನದಿಯ ಜೊತೆಗೇ ಇಳಿಯುವ ದಾರಿಯಾದ್ದರಿಂದ ಏರುಗಳು ಬಹಳ ಕಡಿಮೆ.

ಈ ಮಾರ್ಗದಲ್ಲಿ ಪ್ರವಾಸಿಯ ಕಣ್ಣನ್ನು ಸೆಳೆಯುವ ಸಂಗತಿಯೆಂದರೆ ವಯಸ್ಸಾದ ದಂಪತಿಗಳ ಸಂಖ್ಯೆ. ಅವರಲ್ಲಿ ಕೆಲವರು ಇಬ್ಬರೂ ಕೂಡಿ ಒಂದೇ ಸೈಕಲ್ಲನ್ನು ತುಳಿಯುತ್ತಿರುತ್ತಾರೆ. ಇದಕ್ಕೆ ಟ್ಯಾಂಡಮ್ ಎಂದು ಹೆಸರು. ಎರಡೇ ಗಾಲಿ, ಆದರೆ ಎರಡು ಆಸನ, ಎರಡು ಜೊತೆ ಪೆಡಲು. ಮುಂದೆ ಕುಳಿತವರು ಹ್ಯಾಂಡಲ್ಲು, ಬ್ರೇಕು, ಗೇರುಗಳನ್ನು ನೋಡಿಕೊಳ್ಳುತ್ತಾರೆ. ಹಿಂದೆ ಕುಳಿತವರು ತುಳಿಯುತ್ತಾರೆ. ಎರಡೂ ಜೊತೆ ಪೆಡಲುಗಳನ್ನು ಒಂದು ಚೈನು ಕೂಡಿಸುವುದರಿಂದ ಇಬ್ಬರ ಕಾಲುಗಳೂ ಒಂದೇ ಲಯದಲ್ಲಿ ತಿರುಗಬೇಕು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರೂ ನಿಲ್ಲಿಸಲೇಬೇಕು. ನಮ್ಮ ಹಿರಿಯ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಎದುರುಬದುರಾಗಿ ಕುಳಿತು ಒಂದೇ ಗೂಟ ಹಿಡಿದು ಬೀಸುತ್ತಿದ್ದುದನ್ನು ನೆನೆದರೆ ಇದರ ಮರ್ಮ ತಿಳಿಯುತ್ತದೆ. ಯಾರ ಕೈ ಎಷ್ಟು ತಿರುಗಿಸಿತೆಂದು ಅಲ್ಲಿ ಲೆಕ್ಕ ಹಿಡಿಯಲಾಗದು; ಹಿಟ್ಟು ಮಾತ್ರ ಬೀಳುತ್ತಿರುತ್ತದೆ.

ಟ್ಯಾಂಡಮ್ ಹೊಸತಲ್ಲ, 1890ರ ದಶಕದಲ್ಲಿಯೇ ಯುರೋಪ್, ಅಮೆರಿಕಗಳಲ್ಲಿ ಅದು ಬಳಕೆಯಲ್ಲಿತ್ತು. ಸೈಕಲ್ಲಿಗೆ ವಿದ್ಯುತ್ತನ್ನು ಕೂಡಿಸುವ ವಿಚಾರವೂ ಅಷ್ಟೇ ಹಳೆಯದು. ಅಮೆರಿಕದ ಆಗ್ಡೆನ್ ಬೋಲ್ಟನ್ ಎಂಬವರು 1895ರಲ್ಲಿಯೇ ವಿದ್ಯುತ್ ಸೈಕಲ್ಲಿಗೆ ಪೇಟೆಂಟು ಪಡೆದಿದ್ದರು. ಆದರೆ ತುಳಿಯುವವರ ಬಲವನ್ನು ಅಳೆದು, ಅದಕ್ಕೆ ತಕ್ಕಂತೆ ತನ್ನ ಬಲವನ್ನು ಕೂಡಿಸುವ ಸೈಕಲ್ಲನ್ನು ಮಾರುಕಟ್ಟೆಗೆ ತಂದದ್ದು ಜಪಾನಿನ ಯಮಾಹ ಸಂಸ್ಥೆ, 1993ರಲ್ಲಿ. ಇಂದು ಯುರೋಪಿನಲ್ಲಿ ಓಡಾಡುವ ವಿದ್ಯುತ್ ಸೈಕಲ್ಲುಗಳಲ್ಲಿ ಹೆಚ್ಚಿನವು ಇದೇ ತತ್ತ್ವದವು. ತುಳಿದರೆ ಮಾತ್ರ ಮೋಟಾರು ನೆರವಾಗುತ್ತದೆ. ಕಾಲು ನಿಂತರೆ ಅದೂ ನಿಲ್ಲುತ್ತದೆ. ಅಲ್ಲಿನ ಕಾನೂನಿನ ಪ್ರಕಾರ ಮೋಟಾರಿನ ಬಲ 250 ವ್ಯಾಟ್ ಮೀರಬಾರದು. ವೇಗ ಗಂಟೆಗೆ 25 ಕಿಲೋಮೀಟರ್ ಮುಟ್ಟಿದೊಡನೆ ನೆರವು ನಿಲ್ಲಬೇಕು. ಈ ಮಿತಿಯೊಳಗಿದ್ದರೆ ಅದನ್ನು ಸೈಕಲ್ಲೆಂದೇ ಎಣಿಸುತ್ತಾರೆ. ಚಾಲನಾ ಪರವಾನಗಿ ಬೇಕಿಲ್ಲ. ಜರ್ಮನಿಯಲ್ಲಿ 2023ರಲ್ಲಿ ಮೊದಲ ಬಾರಿಗೆ ಸಾಮಾನ್ಯ ಸೈಕಲ್ಲುಗಳಿಗಿಂತ ವಿದ್ಯುತ್ ಸೈಕಲ್ಲುಗಳೇ ಹೆಚ್ಚು ಮಾರಾಟವಾದವು.

ಅದೇ 2023ರ ಜುಲೈ ತಿಂಗಳಿನಲ್ಲಿ ನಾವು ದಂಪತಿಗಳು ಈ ಪ್ರವಾಸವನ್ನು ಕೈಕೊಂಡೆವು. ಮ್ಯೂನಿಕ್ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ನಮ್ಮ ಮನೆಯವರಿಗೆ ಅರವತ್ತೆಂಟು, ನನಗೆ ಅರವತ್ತೆರಡು. ನನ್ನ ಮೊಣಕಾಲಿನ ಮೃದ್ವಸ್ಥಿ ಸವೆದು ಐದಾರು ವರ್ಷಗಳಾಗಿದ್ದವು. ಧಾರವಾಡದಲ್ಲಿ ಪ್ರತಿದಿನ ಬೆಳಿಗ್ಗೆ ಇಬ್ಬರೂ ಕೂಡಿ ತಿರುಗಾಡಲು ಹೋಗುತ್ತಿದ್ದ ಪದ್ಧತಿ ತಪ್ಪಿ, ಅವರು ಒಬ್ಬರೇ ಹೋಗುವುದು, ನಾನು ಕಟ್ಟೆಯ ಮೇಲೆ ಕುಳಿತಿರುವುದು ರೂಢಿಯಾಗಿತ್ತು. ಹೋದ ಊರುಗಳಲ್ಲಿಯೂ ಅಷ್ಟೇ: ಅವರು ನೋಡಿ ಬಂದು ಹೇಳುವುದು, ನಾನು ಕೇಳುವುದು. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಮೂವತ್ತೆಂಟು ವರ್ಷ ಜೊತೆಯಲ್ಲಿ ನಡೆದವರಿಗೆ ದಾರಿ ಎರಡಾದಾಗ ಆಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು.

ಸೈಕಲ್ಲಿನ ವಿಚಾರ ಎತ್ತಿದವಳು ನನ್ನ ಸೊಸೆ. “ಅತ್ತಿ, ನೀವು ನಡೀಬ್ಯಾಡ್ರಿ, ಕೂತು ತುಳೀರಿ” ಎಂದಳು. ನನಗೆ ಸೈಕಲ್ ಹೊಡೆಯಲು ಬಾರದು. ನಮ್ಮ ಕಾಲದಲ್ಲಿ ನಮ್ಮೂರಿನಲ್ಲಿ ಹೆಣ್ಣುಮಕ್ಕಳಿಗೆ ಅದನ್ನು ಯಾರೂ ಕಲಿಸುತ್ತಿರಲಿಲ್ಲ. ಆದರೆ ಟ್ಯಾಂಡಮ್ಮಿನ ಹಿಂದಿನ ಆಸನದವರಿಗೆ ಸೈಕಲ್ ನಡೆಸಲು ಬರಬೇಕಾಗಿಲ್ಲ; ತೋಲ ಹಿಡಿಯುವುದು ಮುಂದಿನವರ ಕೆಲಸ. ಮೊಣಕಾಲಿನ ಮೇಲೆ ದೇಹದ ಭಾರ ಬೀಳದ ವ್ಯಾಯಾಮ ಒಳ್ಳೆಯದೆಂದು ವೈದ್ಯರೂ ಹೇಳಿದ್ದರು. ಆಸನವನ್ನು ಸಾಕಷ್ಟು ಎತ್ತರಿಸಿಕೊಳ್ಳಬೇಕು, ಭಾರವಾದ ಗೇರಿನಲ್ಲಿ ಒತ್ತಿ ತುಳಿಯಬಾರದು ಎಂಬ ಎರಡು ಎಚ್ಚರಿಕೆಗಳನ್ನು ಕೊಟ್ಟು ಒಪ್ಪಿಗೆಯಿತ್ತರು.

ಪಸ್ಸಾವ್ ಮೂರು ನದಿಗಳ ಸಂಗಮಸ್ಥಾನ. ದಕ್ಷಿಣದಿಂದ ಬರುವ ಇನ್ ನದಿಯಲ್ಲಿ ಆಲ್ಪ್ಸ್ ಹಿಮದ ಹಸಿರು ಬೂದಿಬಣ್ಣ; ಉತ್ತರದಿಂದ ಬರುವ ಇಲ್ಸ್ ನದಿಯಲ್ಲಿ ಜವುಗು ನೆಲದ ಕಪ್ಪು; ನಡುವೆ ಡ್ಯಾನ್ಯೂಬ್. ಕೂಡಿದ ಮೇಲೂ ಬಣ್ಣಗಳು ಸ್ವಲ್ಪ ದೂರ ಬೇರೆ ಬೇರೆಯಾಗಿಯೇ ಹರಿಯುತ್ತವೆ. ಪುರಭವನದ ಗೋಪುರದ ಗೋಡೆಯ ಮೇಲೆ ಪ್ರವಾಹದ ಮಟ್ಟಗಳನ್ನು ಗುರುತು ಮಾಡಿದ್ದಾರೆ. 2013ರ ಜೂನ್‌ನಲ್ಲಿ ನೀರು 12.89 ಮೀಟರ್‌ಗೆ ಏರಿತ್ತು. 1501ರಿಂದೀಚೆಗೆ ಅಷ್ಟು ನೀರು ಬಂದಿರಲಿಲ್ಲ.

ಇಲ್ಲಿಯ ಬಾಡಿಗೆ ಅಂಗಡಿಯಲ್ಲಿ ನಮಗೆ ಟ್ಯಾಂಡಮ್ ದೊರೆಯಿತು. ಮೂವತ್ತು ಕಿಲೋಗೂ ಮಿಕ್ಕಿದ ಭಾರ, ಎರಡೂವರೆ ಮೀಟರ್‌ಗೆ ಸಮೀಪದ ಉದ್ದ. ಬ್ಯಾಟರಿಯ ಸಾಮರ್ಥ್ಯ 500 ವ್ಯಾಟ್-ಅವರ್, ಅಂದರೆ ನಮ್ಮ ಮನೆಯ ಮೀಟರಿನ ಲೆಕ್ಕದಲ್ಲಿ ಅರ್ಧ ಯೂನಿಟ್ಟು. ಅಂಗಡಿಯವನು ಮೊದಲು ಹೊರಡುವ ಕ್ರಮವನ್ನು ಕಲಿಸಿದ. ಮುಂದಿನವರು ಕಾಲು ಅಗಲಿಸಿ ನಿಂತು ಎರಡೂ ಬ್ರೇಕುಗಳನ್ನು ಬಿಗಿಯಾಗಿ ಹಿಡಿಯಬೇಕು. ಹಿಂದಿನವರು ಹತ್ತಿ ಕುಳಿತು ಎರಡೂ ಕಾಲುಗಳನ್ನು ಪೆಡಲಿನ ಮೇಲಿಡಬೇಕು. ಆಮೇಲೆ ‘ಒಂದು, ಎರಡು, ಮೂರು’ ಎಂದು ಎಣಿಸಿ ಒಟ್ಟಿಗೆ ತುಳಿಯಬೇಕು. ಮುಂದಿನವರಿಗೆ ಇಂಗ್ಲಿಷಿನಲ್ಲಿ ಕ್ಯಾಪ್ಟನ್ ಎಂದೂ ಹಿಂದಿನವರಿಗೆ ಸ್ಟೋಕರ್, ಅಂದರೆ ಉಗಿಯಂತ್ರದ ಒಲೆಗೆ ಕಲ್ಲಿದ್ದಲು ಹಾಕುವವರು ಎಂದೂ ಹೆಸರು. ಒಲೆಯ ಕೆಲಸ ಇಲ್ಲಿಯೂ ನನ್ನ ಪಾಲಿಗೇ ಬಂತಲ್ಲ ಎಂದು ನಕ್ಕೆ.

ಕಟ್ಟಕಡೆಗೆ ಅವನು ಹೇಳಿದ ಮಾತು ಮುಖ್ಯವಾದುದು: “ಹಿಂದಿನವರಿಗೆ ಎದುರಿನ ದಾರಿ ಕಾಣುವುದಿಲ್ಲ. ಆದ್ದರಿಂದ ಮುಂದಿನವರು ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು.” ತಗ್ಗು ಬಂದರೆ ತಗ್ಗು ಎಂದು, ತಿರುವಿದ್ದರೆ ತಿರುವೆಂದು, ಬ್ರೇಕು ಹಿಡಿಯುವ ಮೊದಲು ಬ್ರೇಕೆಂದು ಹೇಳಬೇಕು. ಮಿತಭಾಷಿಗಳಾದ ನಮ್ಮ ಮನೆಯವರಿಗೆ ಸೈಕಲ್ ನಡೆಸುವುದಕ್ಕಿಂತ ಇದೇ ಕಷ್ಟವಾಯಿತು. ಮೊದಲ ದಿನ ಮಧ್ಯಾಹ್ನದ ವೇಳೆಗೆ, “ತಗ್ಗು ಐತಿ”, “ಸಾವಕಾಶ”, “ಈಗ ತುಳಿ” ಎಂದು ಅವರ ಬಾಯಿಂದ ಸರಾಗವಾಗಿ ಬರತೊಡಗಿತು. ಒಂದು ದಿನದಲ್ಲಿ ಅವರು ನನ್ನೊಡನೆ ಅಷ್ಟು ಮಾತಾಡಿದ್ದು ನನಗೆ ನೆನಪಿಲ್ಲ.

ಪಸ್ಸಾವ್ ಬಿಟ್ಟು ಇಪ್ಪತ್ತು ಕಿಲೋಮೀಟರ್ ದಾಟಿದರೆ ಯೋಖೆನ್‌ಸ್ಟೈನ್ ಜಲವಿದ್ಯುತ್ ಸ್ಥಾವರ ಸಿಗುತ್ತದೆ. ಜರ್ಮನಿ, ಆಸ್ಟ್ರಿಯಗಳು ಕೂಡಿ 1950ರ ದಶಕದಲ್ಲಿ ಕಟ್ಟಿದ್ದು ಇದು. ಆಸ್ಟ್ರಿಯದ ಡ್ಯಾನ್ಯೂಬ್ ಉದ್ದಕ್ಕೂ ಇಂಥ ಸ್ಥಾವರಗಳ ಸಾಲೇ ಇದೆ. ಆ ದೇಶದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಜಲವಿದ್ಯುತ್ತು. ಒಂದು ಕಾಲಕ್ಕೆ ಕುದುರೆಗಳು ಈ ನದಿಗೆ ಎದುರಾಗಿ ಎಳೆದವು. ಈಗ ಅದೇ ನದಿ ನಮ್ಮಂಥವರನ್ನು ದೂಡುತ್ತಿದೆ. ಅಲ್ಲಿಂದ ಮುಂದೆ ಶ್ಲೋಗೆನ್ ಎಂಬಲ್ಲಿ ಗಟ್ಟಿ ಬಂಡೆಗಳ ಬೆಟ್ಟಗಳ ನಡುವೆ ನದಿ ಪೂರ್ತಿಯಾಗಿ ತಿರುಗಿ, ಬಂದ ದಿಕ್ಕಿಗೇ ಮುಖಮಾಡಿ ಹರಿದು, ಮತ್ತೆ ಹೊರಳುತ್ತದೆ. ದಟ್ಟ ಕಾಡು, ನಿಶ್ಶಬ್ದ ನೀರು, ಸೈಕಲ್ಲುಗಳನ್ನು ದಾಟಿಸುವ ಸಣ್ಣ ದೋಣಿ. ಮುಂದೆ ಕುಳಿತವರು ರಸ್ತೆಯನ್ನು ನೋಡಬೇಕು; ಹಿಂದೆ ಕುಳಿತವರಿಗೆ ದೇಶವನ್ನು ನೋಡುವ ಬಿಡುವು. ಈಗ ನೋಡಿ ಹೇಳುವವಳು ನಾನು, ಕೇಳುವವರು ಅವರು.

ಲಿನ್ಸ್ ನಗರವನ್ನು ದಾಟಿದ ಮೇಲೆ ಮೌಟ್‌ಹೌಸನ್ ಬರುತ್ತದೆ. ಊರು ನದಿಯ ದಡದಲ್ಲಿದೆ. ಮೇಲಿನ ಗುಡ್ಡದಲ್ಲಿ 1938ರಿಂದ 1945ರವರೆಗೆ ನಾಜಿಗಳು ನಡೆಸಿದ ಯಾತನಾ ಶಿಬಿರವಿದೆ. ಆ ಶಿಬಿರ ಮತ್ತು ಅದರ ಶಾಖೆಗಳಲ್ಲಿ ಸುಮಾರು 1,90,000 ಜನ ಸೆರೆಯಲ್ಲಿದ್ದರು; ಅವರಲ್ಲಿ ಕನಿಷ್ಠ 90,000 ಜನ ಸತ್ತರು. ಗುಡ್ಡದ ಏರು ಕಡಿದಾದುದು. ಮೋಟಾರಿನ ನೆರವು ಪೂರ್ತಿ ಬೇಕಾಯಿತು. ಕಲ್ಲುಗಣಿಯಿಂದ ಮೇಲೆ ಬರುವ 186 ಮೆಟ್ಟಿಲುಗಳ ದಾರಿಯನ್ನು ಮೇಲಿನಿಂದಲೇ ನೋಡಿದೆವು. ಹಸಿದ ಸೆರೆಯಾಳುಗಳಿಗೆ ಬೆನ್ನ ಮೇಲೆ ಕಲ್ಲು ಹೊರಿಸಿ ಇದನ್ನು ಹತ್ತಿಸುತ್ತಿದ್ದರು. ಯಂತ್ರದ ಬಲದಿಂದ ಏರಿ ಬಂದ ನಮಗೆ ಅಲ್ಲಿ ಮಾತು ಹೊರಡಲಿಲ್ಲ. ಇಳಿಯುವಾಗ ಸೈಕಲ್ಲನ್ನು ತಳ್ಳಿಕೊಂಡೇ ಬಂದೆವು.

ಗ್ರೈನ್ ಎಂಬ ಪಟ್ಟಣದ ಹತ್ತಿರ ಕಣಿವೆ ಇಕ್ಕಟ್ಟಾಗುತ್ತದೆ. ಬಂಡೆ, ಸುಳಿಗಳಿಂದ ತುಂಬಿದ್ದ ಈ ಭಾಗವನ್ನು ಕಂಡರೆ ಹಿಂದಿನ ಅಂಬಿಗರಿಗೆ ಭಯ. ಬಂಡೆಗಳನ್ನು ಕಾಲಕಾಲಕ್ಕೆ ಸಿಡಿಸಿ ತೆಗೆದರು. 1959ರಲ್ಲಿ ಕೆಳಗಡೆಯ ಇಬ್ಸ್-ಪೆರ್ಸನ್‌ಬೋಯ್ಗ್ ಸ್ಥಾವರ ಪೂರ್ಣಗೊಂಡ ಮೇಲೆ ನೀರು ನಿಂತು ಆಳವಾಯಿತು. ಈಗ ಸುಳಿಗಳಿಲ್ಲ. ಆದರೆ ನಾವು ಹೋದ ದಿನ ಮೂಡಣದಿಂದ ಎದುರುಗಾಳಿ ಎದ್ದಿತು. ಗಾಳಿಯ ಬಲಕ್ಕೆ ಮೋಟಾರು ದುಡಿದು ದುಡಿದು, ಇಬ್ಸ್ ಇನ್ನೂ ಎಂಟು ಕಿಲೋಮೀಟರ್ ಇರುವಾಗಲೇ ಬ್ಯಾಟರಿ ಬರಿದಾಯಿತು.

ಇಬ್ಬರ ತೂಕ, ಸಾಮಾನಿನ ಚೀಲ, ಸೈಕಲ್ಲಿನ ಭಾರ ಎಲ್ಲವೂ ಒಮ್ಮೆಗೇ ಕಾಲಿಗೆ ಬಂದವು. “ನೀ ಇಳಿ, ನಾ ದೂಡ್ತೀನಿ” ಎಂದರು. ನಡೆಯುವುದೇ ನನಗೆ ಹೆಚ್ಚು ಕಷ್ಟವೆಂಬುದು ಅವರಿಗೂ ಗೊತ್ತು. “ಬ್ಯಾಡ್ರಿ, ಸಣ್ಣ ಗೇರಿಗೆ ಹಾಕ್ರಿ, ಸಾವಕಾಶ ಹೋಗೂಣು” ಎಂದೆ. ಹಗುರವಾದ ಗೇರಿನಲ್ಲಿ, ನಡಿಗೆಗಿಂತ ತುಸುವೇ ಹೆಚ್ಚಿನ ವೇಗದಲ್ಲಿ, ಪ್ರತಿ ಕಿಲೋಮೀಟರಿಗೊಮ್ಮೆ ನಿಂತು ಎರಡು ಗುಟುಕು ನೀರು ಕುಡಿದು ಸಾಗಿದೆವು. ಅಷ್ಟು ದಿನ ನಾನು ಕೇವಲ ಹೊರೆಯಾಗಿ ಕುಳಿತಿದ್ದೇನೋ ಎಂಬ ಅನುಮಾನ ಒಳಗೊಳಗೇ ನನ್ನನ್ನು ಕೊರೆಯುತ್ತಿತ್ತು. ನಡುವೆ ಒಮ್ಮೆ ಕಾಲನ್ನು ಸಡಿಲ ಬಿಟ್ಟಾಗ ಸೈಕಲ್ಲು ತಕ್ಷಣ ಹಿಂಜರಿಯಿತು, ಅವರು ತಿರುಗದೆಯೇ “ಯಾಕ, ನೋವಾತೇನು?” ಎಂದು ಕೇಳಿದರು. ನನ್ನ ಕಾಲಿನ ಬಲ ಅವರ ಕಾಲಿಗೆ ತಿಳಿಯುತ್ತಿತ್ತು. ಇಬ್ಸ್ ತಲುಪಿದಾಗ ಸಂಜೆ ಏಳು ಗಂಟೆ. ಅಲ್ಲಿನ ಉತ್ತರದ ಬೇಸಿಗೆಯಲ್ಲಿ ಬಿಸಿಲು ಇನ್ನೂ ಇತ್ತು. ವಸತಿಗೃಹದ ಯಜಮಾನಿತಿ ಕೇಳುವ ಮೊದಲೇ ಬ್ಯಾಟರಿಯನ್ನು ಒಯ್ದು ಪ್ಲಗ್ಗಿಗೆ ಹಚ್ಚಿದಳು.

ಮರುದಿನ ಮೆಲ್ಕ್ ಮುಟ್ಟುವಷ್ಟರಲ್ಲಿ ಮೊಣಕಾಲು ಬಾತಿತ್ತು. ಮೆಲ್ಕ್‌ನಿಂದ ವಿಯೆನ್ನಕ್ಕೆ ರೈಲಿದೆ. ನಮ್ಮ ಮನೆಯವರು ರೈಲಿನ ವೇಳೆಯನ್ನು ವಿಚಾರಿಸಿಕೊಂಡು ಬಂದು, “ತೀರ್ಮಾನ ನಿನ್ನದು” ಎಂದಷ್ಟೇ ಹೇಳಿದರು. ನಾನು ಒಂದು ದಿನ ವಿಶ್ರಾಂತಿ ಕೇಳಿದೆ. ಬೆಟ್ಟದ ನೆತ್ತಿಯಲ್ಲಿ ಹಳದಿ ಬಣ್ಣದಿಂದ ಹೊಳೆಯುವ ಮೆಲ್ಕ್ ಮಠ 1089ರಷ್ಟು ಹಿಂದಿನಿಂದ ಬೆನೆಡಿಕ್ಟೀನ್ ಸಂನ್ಯಾಸಿಗಳ ನೆಲೆ. ಈಗಿನ ಭವ್ಯ ಕಟ್ಟಡಕ್ಕೆ 1702ರಲ್ಲಿ ಕೆಲಸ ಆರಂಭಿಸಿದವನು ಯಾಕೋಬ್ ಪ್ರಾಂಡ್‌ಟೌವರ್ ಎಂಬ ವಾಸ್ತುಶಿಲ್ಪಿ. ಮಠದ ಉದ್ಯಾನದಲ್ಲಿ ಕಾಲು ಚಾಚಿ ಕುಳಿತು, ಮನೆಯಿಂದ ತಂದ ಕಟಕು ರೊಟ್ಟಿ, ಶೇಂಗಾ ಚಟ್ನಿ ತಿಂದು ಆ ದಿನ ಕಳೆದೆವು. ಬಾವು ಇಳಿಯಿತು. ಮುಂಜಾನೆ ಸ್ನಾನ, ಪೂಜೆಗಳನ್ನು ಮುಗಿಸಿ ಮತ್ತೆ ಸೈಕಲ್ಲನ್ನೇ ಏರಿದೆವು.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ಮೂವತ್ತಾರು ಕಿಲೋಮೀಟರ್ ಕಣಿವೆಗೆ ವಾಖಾವ್ ಎಂದು ಹೆಸರು. 2000ದಲ್ಲಿ ಇದು ವಿಶ್ವ ಪರಂಪರೆಯ ತಾಣವೆಂದು ಘೋಷಿತವಾಯಿತು. ಗುಡ್ಡಗಳ ಇಳಿಜಾರಿನಲ್ಲಿ ಗಾರೆಯಿಲ್ಲದೆ ಕಲ್ಲು ಪೇರಿಸಿ ಕಟ್ಟಿದ ಒಡ್ಡುಗಳು, ಅವುಗಳ ಮೇಲೆ ದ್ರಾಕ್ಷಿ, ಕೆಳಗೆ ಏಪ್ರಿಕಾಟ್ ತೋಟಗಳು. ಈ ಹಣ್ಣನ್ನು ಒಣಗಿಸಿದರೆ ನಮ್ಮ ಜರ್ದಾಳು. ಜುಲೈ ಅದರ ಸುಗ್ಗಿ. ಇಡೀ ಹಣ್ಣನ್ನು ಕಣಕದಲ್ಲಿ ಹುದುಗಿಸಿ ಬೇಯಿಸಿ, ಹುರಿದ ರೊಟ್ಟಿಪುಡಿ, ಸಕ್ಕರೆಯಲ್ಲಿ ಹೊರಳಿಸಿ ಕೊಡುತ್ತಾರೆ. ನಮ್ಮ ಸಿಹಿ ಕಡುಬಿನ ತಂಗಿಯೆನ್ನಬಹುದು. ಶಾಕಾಹಾರಿಗಳಾದ ನಮಗೆ ಅದು ಊಟಕ್ಕೂ ಆಯಿತು. ದಾರಿಯಲ್ಲಿಯೇ ವಿಲೆನ್‌ಡಾರ್ಫ್ ಎಂಬ ಹಳ್ಳಿ. ಸುಮಾರು 29,500 ವರ್ಷಗಳಷ್ಟು ಹಳೆಯದಾದ, ಗೇಣಿಗೂ ಸಣ್ಣದಾದ ಕಲ್ಲಿನ ಸ್ತ್ರೀಮೂರ್ತಿ 1908ರಲ್ಲಿ ಸಿಕ್ಕಿದ್ದು ಇಲ್ಲಿಯೇ.

ಶ್ಪಿಟ್ಸ್ ಎಂಬ ಊರಿನಲ್ಲಿ ನದಿ ದಾಟಿಸುವ ದೋಣಿಗೆ ಇಂಜಿನ್ನಿಲ್ಲ. ಎರಡು ದಡಗಳ ನಡುವೆ ಬಿಗಿದ ಉಕ್ಕಿನ ಹಗ್ಗಕ್ಕೆ ಅದನ್ನು ಕಟ್ಟಿದ್ದಾರೆ. ಚುಕ್ಕಾಣಿಯನ್ನು ಓರೆಯಾಗಿಸಿದರೆ ಪ್ರವಾಹದ ಒತ್ತಡವೇ ದೋಣಿಯನ್ನು ಆಚೆಗೆ ಒಯ್ಯುತ್ತದೆ. ಆ ದೋಣಿಯಲ್ಲಿ ನಮಗೆ ಇನ್ನೊಂದು ವಿದ್ಯುತ್ ಟ್ಯಾಂಡಮ್ ಜೋಡಿ ಭೇಟಿಯಾಯಿತು. ಎಪ್ಪತ್ತು ದಾಟಿದವರು. ಅವರಲ್ಲಿ ಮುಂದಿನ ಆಸನ ಹೆಂಡತಿಯದು, ಹಿಂದಿನದು ಗಂಡನದು. ಗಂಡನಿಗೆ ಹತ್ತು ವರ್ಷಗಳಿಂದ ಕಣ್ಣು ಕಾಣಿಸದು. ಅವನ ತುಳಿತದ ಬಲ ಹೆಚ್ಚು, ಅವಳದು ಕಡಿಮೆ. ಅವಳಿಗೆ ದೃಷ್ಟಿಯಿದೆ, ಅವನಿಗಿಲ್ಲ. ಇಬ್ಬರಿಗೂ ಸಾಲದಷ್ಟನ್ನು ಮೋಟಾರು ತುಂಬಿಕೊಡುತ್ತದೆ. ಅವಳು ಉದ್ದಕ್ಕೂ ಹೇಳುತ್ತಲೇ ಇರುತ್ತಾಳಂತೆ: ಎಡಕ್ಕೆ ನೀರು, ಬಲಕ್ಕೆ ದ್ರಾಕ್ಷಿ, ಮೇಲೆ ಪಾಳುಕೋಟೆ. “ನನ್ನ ಹೆಂಡತಿ ಹೇಳುವ ಆಸ್ಟ್ರಿಯ ನಿಜವಾದ ಆಸ್ಟ್ರಿಯಕ್ಕಿಂತ ಚೆನ್ನಾಗಿದೆ” ಎಂದು ಅವನು ನಕ್ಕ. ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿಯೂ ಅಂಧ ಸ್ಪರ್ಧಿಗಳು ಟ್ಯಾಂಡಮ್ಮಿನ ಹಿಂದಿನ ಆಸನದಲ್ಲಿ ಕುಳಿತು, ಕಣ್ಣುಳ್ಳ ಜೊತೆಗಾರರೊಡನೆ ಪಂದ್ಯಕ್ಕಿಳಿಯುತ್ತಾರೆ.

ದಕ್ಷಿಣದ ದಡದಿಂದ, ಎದುರಿಗಿರುವ ಡ್ಯುರ್ನ್‌ಸ್ಟೈನ್ ಊರಿನ ನೀಲಿ ಗೋಪುರ, ಮೇಲಿನ ಪಾಳುಕೋಟೆ ಚೆನ್ನಾಗಿ ಕಾಣುತ್ತವೆ. ಇಂಗ್ಲೆಂಡಿನ ಅರಸ ರಿಚರ್ಡನನ್ನು 1192-93ರಲ್ಲಿ ಸೆರೆಯಿಟ್ಟದ್ದು ಈ ಕೋಟೆಯಲ್ಲಿ. ಕ್ರೆಮ್ಸ್ ಎದುರಿನ ಮೌಟರ್ನ್‌ನಲ್ಲಿ ತಂಗಿ ಮರುದಿನ ಮುಂದುವರಿದಾಗ, ಟುಲ್ನ್ ಪಟ್ಟಣಕ್ಕೆ ಮೊದಲು ತ್ಸ್ವೆಂಟೆನ್‌ಡಾರ್ಫ್ ಅಣುವಿದ್ಯುತ್ ಸ್ಥಾವರ ಸಿಕ್ಕಿತು. ಅದನ್ನು ಪೂರ್ತಿಯಾಗಿ ಕಟ್ಟಿ ಮುಗಿಸಿದ ಮೇಲೆ 1978ರ ನವೆಂಬರ್ 5ರಂದು ಜನಮತಗಣನೆ ನಡೆಯಿತು. ಶೇಕಡಾ 50.47 ಜನ ಬೇಡವೆಂದರು. ಸ್ಥಾವರ ಒಂದು ದಿನವೂ ನಡೆಯಲಿಲ್ಲ. ಅರ್ಧ ಯೂನಿಟ್ಟಿನಲ್ಲಿ ಇಬ್ಬರು ಒಂದು ದಿನದ ದಾರಿಯನ್ನು ಸವೆಸುವ ನಮಗೆ ಆ ಮೌನ ಕಟ್ಟಡದ ಮುಂದೆ ನಿಂತಾಗ, ಮನುಷ್ಯನಿಗೆ ಎಷ್ಟು ಬಲ ಸಾಕು ಎಂಬ ಪ್ರಶ್ನೆ ಬಾರದೆ ಇರಲಿಲ್ಲ.

ಎಂಟನೆಯ ದಿನ ವಿಯೆನ್ನ ಸೇರಿದೆವು. ನಗರವನ್ನು ಪ್ರವಾಹದಿಂದ ಕಾಪಾಡಲು 1972ರಿಂದ 1988ರವರೆಗೆ ಕಾಲುವೆ ತೋಡಿ, ಆ ಮಣ್ಣಿನಿಂದ 21 ಕಿಲೋಮೀಟರ್ ಉದ್ದದ ದ್ವೀಪವನ್ನು ಮಾಡಿದ್ದಾರೆ. ಅದರ ಮೇಲೆ ಸಂಜೆಯ ಹೊತ್ತಿನಲ್ಲಿ ಮಕ್ಕಳು, ಮುದುಕರು, ಪ್ರೇಮಿಗಳು ಸೈಕಲ್ ಹೊಡೆಯುವುದನ್ನು ನೋಡುತ್ತ ನಾವೂ ಅವರೊಳಗೊಬ್ಬರಾದೆವು.

ಇಂಥ ಪ್ರವಾಸ ಮಾಡಬಯಸುವ ಹಿರಿಯರಿಗೆ ಒಂದೆರಡು ಮಾತು. ಟ್ಯಾಂಡಮ್ಮಿನ ಉದ್ದದ ಕಾರಣ ಅದನ್ನು ರೈಲಿನಲ್ಲಿ ಒಯ್ಯುವುದು ತೊಡಕು. ಸೈಕಲ್ಲನ್ನು ತಲುಪಿದ ಊರಿನಲ್ಲಿಯೇ ಒಪ್ಪಿಸುವ ವ್ಯವಸ್ಥೆಯನ್ನು ಬಾಡಿಗೆಗೆ ಪಡೆಯುವಾಗಲೇ ಮಾಡಿಕೊಳ್ಳಬೇಕು. ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರಿಗಿಂತ ಹೆಚ್ಚಿನ ಆಸೆ ಬೇಡ. ಹೊರಡುವ ಮೊದಲು ಇಬ್ಬರೂ ವೈದ್ಯರ ಸಲಹೆ ಪಡೆಯಬೇಕು. ನಡುವೆ ಒಂದು ದಿನ ಬಿಡುವಿರಲಿ.

ಎಲ್ಲ ಮನೆಗಳಲ್ಲಿಯೂ ಒಂದು ವಯಸ್ಸಿನ ನಂತರ ಒಬ್ಬರ ಕಾಲು ಮುಂದೆ, ಒಬ್ಬರ ಕಾಲು ಹಿಂದೆ ಆಗುತ್ತದೆ. ಆಗ ನೋವಿರುವವರು ‘ನೀವು ಹೋಗಿ ಬನ್ನಿ’ ಎನ್ನುತ್ತಾರೆ. ಇನ್ನೊಬ್ಬರು ಹೋಗಿ ಬರುತ್ತಾರೆ. ಆ ಮಾತು ರೂಢಿಯಾಗುವ ಮೊದಲೇ ಮನೆಯ ಮಕ್ಕಳು, ಸೊಸೆಯಂದಿರು ಇಬ್ಬರೂ ಕೂಡಿ ಹೋಗುವ ಉಪಾಯವೇನಾದರೂ ಉಂಟೇ ಎಂದು ಹುಡುಕುವುದು ಒಳ್ಳೆಯದು. ಅದು ವಿದೇಶದ ಸೈಕಲ್ಲೇ ಆಗಬೇಕೆಂದಿಲ್ಲ. ನಮ್ಮ ಕೊರತೆಯನ್ನು ಯಂತ್ರ ತುಂಬಿತು ನಿಜ. ಆದರೆ ಎದುರಿನ ತಗ್ಗನ್ನು ಬಾಯಿಬಿಟ್ಟು ಹೇಳುವುದು, ಹಿಂದಿನವರ ಕಾಲು ಸೋತದ್ದನ್ನು ತಿರುಗದೆಯೇ ಅರಿಯುವುದು, ಇವೆರಡನ್ನು ನಾವೇ ಮಾಡಬೇಕಾಯಿತು.